ಸೀಮೆಯೊಳಗಿನ ಮೋಟಾರು

ಪೆಟ್ರೋಲಿನ ವಾಸನೆ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರೀತಿ. ನಾನು ನನ್ನ ತವರೂರು ದಡ್ಡಿಯಲ್ಲಿ ಪರಕಾರ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ಊರಿಗೆ ಮೋಟಾರು ಬರುವುದೇ ಅಪರೂಪ. ಬಂದರೆ ಹುಡುಗರೆಲ್ಲ ಅದರ ಧೂಳಿನ ಹಿಂದೆ ಓಡುತ್ತಿದ್ದರು. ನಾನು, ನನ್ನ ತಂಗಿ ಮಾತ್ರ ಅದು ನಿಂತು ಹೋದ ಜಾಗ ಹುಡುಕಿಕೊಂಡು ಹೋಗಿ, ಮಣ್ಣಿನ ಮೇಲೆ ಬಿದ್ದ ಹನಿಗಳ ಹತ್ತಿರ ಬಗ್ಗಿ ಮೂಸುತ್ತಿದ್ದೆವು. ಆ ವಾಸನೆಯಲ್ಲಿ ಹುಕ್ಕೇರಿ ಇತ್ತು, ಬೆಳಗಾವಿ ಇತ್ತು, ಹೆಸರಷ್ಟೇ ಕೇಳಿದ್ದ ಪುಣೆಯೂ ಇತ್ತು. "ಏಳ್ರೇ, ಮೂಗಿನಾಗ ಹುಳಾ ಹೊಕ್ಕಾವು" ಎಂದು ಅವ್ವ ಬೈಯುತ್ತಿದ್ದಳು.

ಮುಂದೊಂದು ದಿನ ಅದೇ ವಾಸನೆಯ ನಡುವೆ, ಹೊರಗಿನಿಂದ ಚಿಲಕ ಹಾಕಿದ ಬಾಗಿಲ ಒಳಗೆ, ಹಸಿದ ಕೂಸನ್ನು ಎದೆಗೆ ಹಿಡಿದು ಕೂತುಕೊಳ್ಳುತ್ತೇನೆ ಎಂದು ನನಗೆ ಆಗ ಹೇಗೆ ತಿಳಿಯಬೇಕು?

ಐವತ್ತೆಂಟರ ಬೇಸಿಗೆ ಅದು. ಧಾರವಾಡದಲ್ಲಿ ಬಿ.ಎ. ಮುಗಿಸಿ ಗೋಕಾಕದ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಹೋದವಳು ಅಲ್ಲಿ ವಿಷಮಜ್ವರ ಬಂದು ಮಲಗಿದೆ. ಜ್ವರ ಇಳಿಯುವ ಹೊತ್ತಿಗೆ ಎದೆಹಾಲು ಬತ್ತಿತ್ತು. ಕೂಸಿಗೆ ಡಬ್ಬಿಯ ಹಾಲಿನ ಪುಡಿಯೇ ಗತಿಯಾಯಿತು. ಅದನ್ನು ಒಮ್ಮೆ ಯಾರೋ ತಿಳಿಯದೆ ತಣ್ಣೀರಿನಲ್ಲಿ ಕಲಸಿ ಕುಡಿಸಿದ್ದರಿಂದ ಕೂಸಿಗೆ ಭೇದಿ ಹತ್ತಿ, ಕೈಕಾಲೆಲ್ಲ ಬತ್ತಿಯಂತಾಗಿ, ಹುಕ್ಕೇರಿಯ ಡಾಕ್ಟರು ಹೇಗೋ ಉಳಿಸಿಕೊಟ್ಟಿದ್ದರು. "ಕೊತಕೊತ ಕುದಿಸಿದ ನೀರು. ಅದಿಲ್ಲದಿದ್ದರೆ ಹಸಿದಿರಲಿ, ಹಸಿನೀರು ಮಾತ್ರ ಬೇಡ. ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಅವರು ನನ್ನ ಕಣ್ಣನ್ನೇ ನೋಡಿ ಹೇಳಿದ್ದರು.

ನಮ್ಮನ್ನು ಕರೆದೊಯ್ಯಲು ಮಾವ ದುಂಡಪ್ಪನವರು ತಮ್ಮ ಮನೆಮೋಟಾರು ತೆಗೆದುಕೊಂಡು ಬಂದರು. ಆ ಹೆಸರು ಅವರೇ ಇಟ್ಟದ್ದು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗೆ ಹಾಕಿದ ಆಂಬುಲೆನ್ಸ್ ಒಂದನ್ನು ಪುಣೆಯಿಂದ ತಂದು, ಗೋಕಾಕದ ಬಡಿಗರನ್ನು ಕೂರಿಸಿ ಒಳಗೆ ಮಂಚ, ಗೂಡು, ನೀರಿನ ಹಂಡೆ, ಸೀಮೆಎಣ್ಣೆಯ ಸ್ಟೋವಿಗೆ ಕಟ್ಟೆ ಎಲ್ಲ ಮಾಡಿಸಿದ್ದರು. ಅವರು ಹತ್ತಿ ವ್ಯಾಪಾರಿಗಳು. ಮೂಡಲಗಿ, ಕುಲಗೋಡದ ಕಡೆ ಹಳ್ಳಿ ತಿರುಗಬೇಕು. ಆದರೆ ಪರರ ಮನೆಯ ಅನ್ನ ಹೋಗಲಿ, ನೀರನ್ನೂ ಮುಟ್ಟದ ನೇಮ ಅವರದು. ಪೂಜೆ, ಊಟ, ನಿದ್ದೆ ಮೂರೂ ಸ್ವಂತ ಮನೆಯಲ್ಲೇ ಆಗಬೇಕು. ಹಾಗಾಗಿ ಮನೆಯನ್ನೇ ಜೊತೆಗೆ ಒಯ್ಯುತ್ತಿದ್ದರು.

ದಡ್ಡಿಯಿಂದ ಗೋಕಾಕ ಒಂದು ದಿನದ ದಾರಿಯೂ ಅಲ್ಲ. ಆದರೆ ಹೊರಡುವ ಹಿಂದಿನ ದಿನ ಗಾಡಿಯ ಎಂಜಿನ್ನಿನ ಬೆಲ್ಟು ಹರಿದು, ಚಾಲಕ ಕೇದಾರಿ ಹುಕ್ಕೇರಿಗೆ ಹೋಗಿ ತರುವಷ್ಟರಲ್ಲಿ ಸೋಮವಾರ ಕೈತಪ್ಪಿತು. ಮಂಗಳವಾರ ಬಾಣಂತಿ, ಕೂಸು ಗಂಡನ ಮನೆಯ ಹೊಸ್ತಿಲು ದಾಟಬಾರದು. ಬೀಗರ ಊರಲ್ಲಿ ಇನ್ನೊಂದು ದಿನ ನಿಲ್ಲಲು ಮನಸ್ಸಿಲ್ಲದ ಮಾವನವರು ಅದಕ್ಕೂ ದಾರಿ ಕಂಡುಕೊಂಡರು. ಮಂಗಳವಾರ ಹೊರಡುವುದು, ರಾತ್ರಿ ದಾರಿಯಲ್ಲೇ ತಂಗುವುದು, ಬುಧವಾರ ಬೆಳಗ್ಗೆ ಮನೆ ಸೇರುವುದು. "ಮನಿ ನಮ್ಮ ಕೂಡ ಇರತೈತಿ, ಎಲ್ಲಿ ನಿಂತ್ರೇನು?" ಎಂದರು. ಅವರ ಜೊತೆ ಬಂದಿದ್ದ ಅತ್ತೆ ಗೌರವ್ವ ತಲೆಯಾಡಿಸಿದರು. ಅವರು ಎಲ್ಲದಕ್ಕೂ ತಲೆಯಾಡಿಸುವವರು.

ತಂಗಲು ಮಾವನವರು ಆರಿಸಿದ್ದು ಹಾಸಗಲ್ಲ ಎಂಬ ಊರು. ಹುಕ್ಕೇರಿ ದಾಟಿ, ಗೋಕಾಕದ ರಸ್ತೆ ಬಿಟ್ಟು ತುಸು ಒಳಗೆ. ಹಳೆಯ ಕಲ್ಲುಗಣಿಯ ಊರು ಅದು. ಹುಕ್ಕೇರಿಯ ಗುಮ್ಮಟಗಳಿಗೆ ಕಲ್ಲು ಹೋದದ್ದು ತಮ್ಮಲ್ಲಿಂದಲೇ ಎಂದು ಊರವರು ಹೇಳಿಕೊಳ್ಳುತ್ತಿದ್ದರು. ಊರಿನ ಬೀದಿ, ಗೋಡೆ, ಛಾವಣಿ ಎಲ್ಲವೂ ಚಪ್ಪಡಿಯವೇ. ಊರು ಮುಗಿದಲ್ಲಿ ಗಣಿ ಬಾಯಿ ತೆರೆದಿತ್ತು. ಗಣಿಯ ಅಂಚಿನಲ್ಲಿ ಒಂದು ಹುಣಸೆಮರ. ನಾವು ಅದರ ನೆರಳಲ್ಲಿ ನಿಂತೆವು.

ಬಿಸಿಲು ಇಳಿಯುತ್ತಿತ್ತು. ಥರ್ಮಾಸಿನಲ್ಲಿ ಉಳಿದಿದ್ದ ಬಿಸಿನೀರಿನಲ್ಲಿ ಕೂಸಿಗೆ ಹಾಲು ಕಲಸಿ ಕುಡಿಸಿದೆ. ಅದು ಅರ್ಧ ಹೊಟ್ಟೆಗೂ ಸಾಲಲಿಲ್ಲ. ಇನ್ನೇನು ಸ್ಟೋವ್ ಹಚ್ಚುತ್ತೇವಲ್ಲ ಎಂದುಕೊಂಡೆ. ಊರಿನಲ್ಲಿ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಬೀಸುವ ಕಲ್ಲಿನ ಸದ್ದಿಲ್ಲ, ಕಲ್ಲು ಒಡೆಯುವ ಸದ್ದೂ ಇಲ್ಲ.

"ಶಾಂತ ಊರ ಐತಿ" ಎಂದರು ಮಾವನವರು, ಮೆಚ್ಚಿಕೊಂಡು.

ಮೋಟಾರು ನೋಡಲು ಜನ ಬಂದರು. ಮಾವನವರಿಗೆ ಇದು ಹೊಸದಲ್ಲ. ಮುಂದಿನ ಬಾಗಿಲು ತೆಗೆದು ಒಂದೊಂದೇ ತೋರಿಸಿದರು. "ಇದಕ್ಕ ಗಾಡಿ ಅನ್ನಬ್ಯಾಡ್ರಿ. ಮನಿ ಇದು. ದೇವರ ಜಗಲಿ ಐತಿ, ಒಲಿ ಐತಿ. ಇನ್ನೇನ ಬೇಕ ಮನಿಗೆ?"

"ಹಿತ್ತಲಾ ಎಲ್ಲೈತ್ರಿ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಕೇಳಿದವನ ಹೆಸರು ಪರಸಪ್ಪ ಎಂದು ಅವರ ಮಾತಿನಿಂದಲೇ ತಿಳಿಯಿತು.

ಜನ ಹೆಚ್ಚಾದಾಗ ಮಾವನವರು ಕೇದಾರಿಗೆ ಹೇಳಿ, ನಾನೂ ಅತ್ತೆಯೂ ಇದ್ದ ಹಿಂದಿನ ಕೋಣೆಯ ಬಾಗಿಲು ಹಾಕಿಸಿದರು. ಆಂಬುಲೆನ್ಸಿನ ಬಾಗಿಲು ಅದು, ಚಿಲಕ ಇದ್ದದ್ದು ಹೊರಗೆ. ಒಳಗಿದ್ದ ರೋಗಿ ತಾನಾಗಿ ಇಳಿದು ಹೋಗುವುದು ಸೈನ್ಯದವರಿಗೆ ಬೇಕಿರಲಿಲ್ಲವೇನೋ. ಮಾವನವರು ಎಲ್ಲವನ್ನೂ ಬದಲಿಸಿದ್ದರು, ಅದೊಂದನ್ನು ಬಿಟ್ಟು. ತಗಡು ದಿನವಿಡೀ ಕಾದಿತ್ತು. ಕಿಟಕಿ ಎಂದರೆ ಅಂಗೈ ಅಗಲದ ಜಾಲರಿ. ನಾನು ಪ್ರೀತಿಸುತ್ತಿದ್ದ ಆ ವಾಸನೆ ಗಂಟಲಿಗೆ ಬಂದು ಕೂತಿತು.

ಜಾಲರಿಯಿಂದಲೇ ನಾನು ನೋಡಿದೆ. ಸೂರ್ಯ ಮುಳುಗುವ ಹೊತ್ತಿಗೆ ಹಣೆತುಂಬ ಭಂಡಾರದ ಅರಿಸಿನ ಹಚ್ಚಿಕೊಂಡ ಮುದುಕರೊಬ್ಬರು ಬಂದರು. ಬಗಲಲ್ಲಿ ಬೂದಿಯ ಬುಟ್ಟಿ. ಗಣಿಯ ಅಂಚಿನುದ್ದಕ್ಕೂ, ನಮ್ಮ ಮೋಟಾರಿನ ಹಿಂದಿನಿಂದ ಹಾಯ್ದು, ಬೂದಿಯ ಗೆರೆ ಎಳೆದುಕೊಂಡು ಹೋದರು. ಸುತ್ತು ಮುಗಿಸಿ ತಿರುಗಿ ಬಂದು ಮಾವನವರ ಎದುರು ನಿಂತರು. ಊರ ದೇವಿಯ ಪೂಜಾರಿ ಲಗಮಪ್ಪ ಅವರು.

"ಸಾಹುಕಾರ್ರ, ಸ್ಟೋ ಗೀ ಹಚ್ಚಬ್ಯಾಡ್ರಿ ಇವತ್ತ. ಊರ ಮಂದಿ ತಾಯೀ ಹೆಸರಲೆ ಹಿಡದ ಮಂಗಳವಾರದಾಗ ಕಡೀ ವಾರ ಇದು. ಸೀಮಿ ಕಟ್ಟೇವಿ. ಹೊತ್ತ ಹುಟ್ಟೂತನಕ ಗೆರಿ ಒಳಗ ಯಾವ ಮನ್ಯಾಗೂ ಒಲಿ ಉರಿಯೂಹಂಗಿಲ್ಲ."

"ನಾವು ಪರಊರಾವ್ರಪಾ. ಮತ್ತ ಇದು ಮನಿ ಎಲ್ಲೈತಿ? ಗಾಡಿ."

"ಗಾಡಿ ಅಂದ್ರ ಗಾಲಿ ಉರಳಬಾರದ್ರಿ. ಗೆರಿ ದಾಟಿ ಕಾಲ ಹೋಗಬಾರದು, ಕೈ ಚಾಚಬಾರದು, ಗಾಲಿ ಉರಳಬಾರದು."

"ಆಗ ಮನಿ ಅಂದ್ರು, ಈಗ ಗಾಡಿ ಅಂತಾರ" ಎಂದ ಪರಸಪ್ಪ. "ಸಾಹುಕಾರ್ರ ಮನಿಗೂ ಗಾಲಿ ಅದಾವು, ಮಾತಿಗೂ ಗಾಲಿ ಅದಾವು."

ಈ ಸಲ ಮಾವನವರು ನಗಲಿಲ್ಲ. "ಹಸಗೂಸ ಐತಿ ನಮ್ಮ ಕೂಡ. ಹಾಲ ಕಾಸಬೇಕು. ಒಂದ ಚಣಾ ಹಚ್ಚಿ ಆರಸತೇವಿ."

ಲಗಮಪ್ಪನವರ ಮುಖದಲ್ಲಿ ಕಠಿಣತೆ ಏನೂ ಇರಲಿಲ್ಲ. ಅದೇ ಕಷ್ಟವಾಗಿತ್ತು. "ಪ್ಲೇಗಿನ ವರ್ಷ ಒಂದ ಮನ್ಯಾಗ ಹಚ್ಚಿದ್ರು. ಆಮ್ಯಾಲ ಏನಾತು ಅನ್ನೂದು ನಮ್ಮ ಹಿರ್ಯಾರು ಕಂಡಾರ. ನೀವ ಹೇಳ್ರಿ, ಯಾಕ ನಿಂತೀರಿ ಇಲ್ಲಿ?"

"ಇವತ್ತ ಮಂಗಳವಾರ. ಬಾಣಂತಿ ಮನಿ ಹೊಗಬಾರದು."

"ನಿಮ್ಮ ಮಂಗಳವಾರ ಖರೆ, ನಮ್ಮ ಮಂಗಳವಾರ ಸುಳ್ಳೇನ್ರಿ?"

ಮಾವನವರು ಬೂದಿಯ ಗೆರೆಯ ಕಡೆ ನೋಡಿದರು. ಅವರು ವಾರ, ತಿಥಿ ನಂಬಿ ಬದುಕಿದವರು. ನಂಬಿಕೆ ಇಲ್ಲದವರಾಗಿದ್ದರೆ ಬಾಗಿಲು ಹಾಕಿಕೊಂಡು ಗುಟ್ಟಾಗಿ ಹಚ್ಚುತ್ತಿದ್ದರೇನೋ. ಅವರಿಗೆ ಅದು ಸಾಧ್ಯವಿರಲಿಲ್ಲ. ಅವರು ಮೆಟ್ಟಿಲ ಮೇಲೆ ಕೂತದ್ದರ ಭಾರಕ್ಕೆ ಮೋಟಾರು ಒಂದು ಕಡೆ ವಾಲಿತು.

ಒಳಗೆ ಕೂಸು ಅಳಲು ಹಿಡಿಯಿತು.

ಅತ್ತೆ ಸಕ್ಕರೆಯ ಹರಳನ್ನು ಅದರ ತುಟಿಗೆ ಸವರಿದರು. ಅದು ಚೀಪಿ, ಮೋಸ ಗೊತ್ತಾಗಿ, ಇನ್ನೂ ಜೋರಾಗಿ ಅತ್ತಿತು. ಹಂಡೆಯಲ್ಲಿ ನೀರಿತ್ತು, ಡಬ್ಬಿಯಲ್ಲಿ ಪುಡಿ ಇತ್ತು, ಸ್ಟೋವಿನ ಪಕ್ಕದಲ್ಲೇ ಕಡ್ಡಿಪೆಟ್ಟಿಗೆ ಇತ್ತು. ಎಲ್ಲವೂ ಕೈಗೆ ಎಟಕುವಷ್ಟು ಹತ್ತಿರ. ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರ ಓದಿದ್ದೆ. ಕಡ್ಡಿ ಗೀರಿದರೆ ಏನೂ ಆಗದು ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಗೀರಿದ ಮೇಲೆ ಈ ಊರಲ್ಲಿ ಯಾರ ಮನೆಯ ಮಗುವಿಗೆ ಜ್ವರ ಬಂದರೂ ಅದು ನನ್ನ ಕೈಯಿಂದ ಆದದ್ದೆಂದು ಇವರೆಲ್ಲ ಸಾಯುವ ತನಕ ನಂಬುತ್ತಾರೆ. ಹೊರಗೆ ನಿಂತ ಹೆಂಗಸರ ಕಂಕುಳಲ್ಲೂ ಮಕ್ಕಳಿದ್ದವು. ಕೈ ಕಡ್ಡಿಪೆಟ್ಟಿಗೆಯ ತನಕ ಹೋಗಿ ಹಿಂದೆ ಬಂತು.

ಹೊರಗೆ ದೀಪದ ಮಾತು ಬಂತು. ದೀಪ ಹಚ್ಚಲು ಅಡ್ಡಿ ಇರಲಿಲ್ಲ.

"ಚಿಮಣಿ ಮ್ಯಾಲ ನೀರ ಕಾಸೂಣೇನ್ರಿ?" ಎಂದು ಕೇದಾರಿ ಕೇಳಿದ.

"ಕಾಸಪಾ" ಎಂದ ಪರಸಪ್ಪ. "ಕುದಿಯೂದ್ರಾಗ ಕೂಸು ಸಾಲಿಗೆ ಹೋಗತೈತಿ." ಹೇಳಿದವನೇ, ಕೂಸಿನ ಅಳು ಕೇಳಿ, "ತಪ್ಪಾತ್ರಿ" ಎಂದು ತಲೆ ತಗ್ಗಿಸಿದ.

ಹಸಿಹಾಲು ತರಲೇ ಎಂದು ಯಾರೋ ಕೇಳಿದರು. ವಾರದ ದಿನ ಹಾಲು ಕರೆಯುವುದಿಲ್ಲ, ಎಲ್ಲ ಕರುವಿಗೇ ಎಂದು ಇನ್ಯಾರೋ ನೆನಪಿಸಿದರು. ಒಬ್ಬಳು ಜಾಲರಿಗೆ ಅರಿವೆಯೊಂದನ್ನು ಒದ್ದೆ ಮಾಡಿ ಕಟ್ಟಿ ಹೋದಳು. ಅವಳ ಮುಖ ನಾನು ನೋಡಲಿಲ್ಲ, ಬಳೆಯ ಸದ್ದು ಮಾತ್ರ ಕೇಳಿತು. ಒಳಗೆ ಬರುವ ಗಾಳಿ ತುಸು ತಂಪಾಯಿತು. ಆದರೂ ಕೂಸಿನ ಅಳು ಸಣ್ಣದಾಗುತ್ತ ಬಂತು. ಜೋರಾಗಿ ಅತ್ತಾಗ ಇಲ್ಲದ ಹೆದರಿಕೆ ಆಗ ನನ್ನನ್ನು ಹಿಡಿಯಿತು. ನಾನು ಬಾಗಿಲು ಬಡಿದೆ.

ಚಿಲಕ ತೆಗೆದದ್ದು ಮನೆಯವರಾರೂ ಅಲ್ಲ. ಹಲ್ಲಿಲ್ಲದ ಮುದುಕಿಯೊಬ್ಬಳು ನಿಂತಿದ್ದಳು. ಅಕ್ಕವ್ವ ಅಂತ. "ದನಾನೂ ಹಿಂಗ ಕೂಡಿ ಹಾಕೂದಿಲ್ಲವಾ ನಾವು. ಇಳಿ ಕೆಳಗ" ಎಂದು ತೋಳು ಹಿಡಿದು ಇಳಿಸಿದಳು. ಮಾವನವರು ತಿರುಗಿ ನೋಡಿದರು.

ಗಾಳಿ ಬಂದದ್ದೇ ನನಗೆ ಹೊಗೆಯ ವಾಸನೆ ಬಂತು. ಒಲೆಯ ಹೊಗೆ. ಗೆರೆಯ ಆಚೆ, ಗಣಿಯ ಆಳದಲ್ಲಿ, ಚಪ್ಪಡಿ ಹೊದಿಸಿದ ಕೆಲವು ಗುಡಿಸಲು. ಅವುಗಳ ಮುಂದೆ ಬೆಂಕಿ ಕಾಣುತ್ತಿತ್ತು.

"ಅಲ್ಲಿ ಯಾರಿದಾರ್ರಿ?" ಎಂದು ಕೇಳಿದೆ.

"ಕಲ್ಲ ಒಡ್ಯಾವ್ರು. ದುರ್ಗಪ್ಪ, ಕೆಂಪವ್ವ, ಅವರ ಮಂದಿ" ಎಂದಳು ಅಕ್ಕವ್ವ. "ಅವರು ಸೀಮಿ ಹೊರಗ. ವಾರದ ದಿನಾ ಸಂಜಿಗೆ ಹಗ್ಗಕ್ಕ ಬುಟ್ಟಿ ಕಟ್ಟಿ ತಾಯೀ ಎಡಿ ಇಳಸತಿದ್ವಿ ನಾವು. ನಮ್ಮ ಮುತ್ಯಾನ ಕಾಲದಿಂದ ಬಂದದ್ದು. ಕೈ ದಾಟಬಾರದು, ಹಗ್ಗ ದಾಟಬೌದು. ಹೋದ ವರ್ಷ ಅವರು ಬುದ್ಧನ ದೀಕ್ಷಾ ತಗೊಂಡ್ರು. ನಿಮ್ಮ ಎಡಿ ನಮಗ ಬ್ಯಾಡ, ಮ್ಯಾಲಿಂದ ಚೆಲ್ಲಿದ್ದ ಉಣ್ಣಾವ್ರಲ್ಲ ನಾವು ಅಂದ್ರು. ಹಗ್ಗ ಸುಮ್ಮನ ಬಿದ್ದೈತಿ."

ಹಗ್ಗ ಹುಣಸೆಯ ಬುಡದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಅದು ಉಜ್ಜಿ ಉಜ್ಜಿ ಅಂಚಿನ ಕಲ್ಲಿನಲ್ಲಿ ಬೆರಳು ಮುಳುಗುವಷ್ಟು ಕೊರಕಲು ಬಿದ್ದಿತ್ತು.

"ಹಗ್ಗ ಮ್ಯಾಲ ಬರಬೌದೇನ್ರಿ?" ಎಂದೆ.

ಅಕ್ಕವ್ವ ನನ್ನನ್ನೇ ನೋಡಿದಳು. "ಯಾವಾಗೂ ಖಾಲಿ ಬಂದೈತಿ."

"ಖಾಲಿನ ಬರಬೇಕು ಅಂತ ಐತೇನ್ರಿ?"

ಅವಳು ಲಗಮಪ್ಪನವರ ಕಡೆ ತಿರುಗಿದಳು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಒಲಿ ಹಚ್ಚಬಾರದು ಅಂತೈತಿ. ಬಿಸೀದ ಒಳಗ ಬರಬಾರದು ಅಂತ ಯಾರೂ ಹೇಳಿಲ್ಲ" ಎಂದರು ಕೊನೆಗೆ. "ಆದ್ರ ಅವರ ಕಡೆ ಕೇಳಾಕ ನನಗ ಬಾಯಿಲ್ಲವಾ. ಎಡಿ ಒಲ್ಲೆ ಅಂದಾಗ ಏನೇನೋ ಅಂದೀನಿ."

ಮಾವನವರು ಎದ್ದು ನಿಂತರು. "ಅದೆಲ್ಲ ಬ್ಯಾಡ. ಪರರ ಮನೀ ನೀರು ನಮ್ಮ ಕೂಸಿನ ಬಾಯಾಗ ಬೀಳೂದಿಲ್ಲ. ಅದರಾಗ ಅವರ ಕಡೇದು..."

"ಏನ್ರಿ" ಎಂದರು ಅತ್ತೆ.

ಅವರು ನನ್ನ ಹಿಂದೆ ಇಳಿದು ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಷ್ಟು ಜನರ ಎದುರು ಅವರ ದನಿ ಎದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಎತ್ತರದ ದನಿಯೇನಲ್ಲ. "ನೇಮಾ ನಮ್ಮದು. ಹಸಿವಿ ಕೂಸಿಂದು." ಅಷ್ಟು ಹೇಳಿ ಕೂಸನ್ನು ನನ್ನ ತೋಳಿನಿಂದ ತೆಗೆದುಕೊಂಡರು. "ಹೋಗವಾ ಕಾಶೆವ್ವ, ಕೂಗು" ಎಂದರು.

ಮಾವನವರು ಅವರನ್ನು ನೋಡುತ್ತ ನಿಂತರು. ಆಮೇಲೆ ಮೋಟಾರಿನ ಆ ಬದಿಗೆ ಹೋದರು.

ನಾನು ಗೆರೆಗೆ ಪಾದ ತಾಗದಂತೆ ಕೂತು ಕೆಳಗೆ ಕೂಗಿದೆ. ಕಲ್ಲಿನ ಗೋಡೆಗಳು ನನ್ನ ದನಿಯನ್ನು ನನಗೇ ಕೊಟ್ಟವು. ಒಬ್ಬ ಹೆಂಗಸು ಬೆಂಕಿಯ ಪಕ್ಕದಿಂದ ಎದ್ದು ಬಂದು ಕತ್ತು ಮೇಲೆತ್ತಿದಳು. ಅವಳೇ ಕೆಂಪವ್ವ.

"ಎಡಿ ಬ್ಯಾಡಂತ ಹೇಳೇವಲ್ಲ. ಮತ್ತ್ಯಾಕ ಕೂಗತೀರಿ?"

"ಎಡಿ ಅಲ್ರಿ ಅವ್ವಾ. ನಾ ಪರಊರಾಕಿ. ಮೋಟಾರನ್ಯಾಗ ಬಂದೀವಿ. ಕೂಸಿಗೆ ಹಾಲ ಕಲಸಾಕ ಕುದಿಸಿದ ನೀರ ಬೇಕಾಗೇತಿ. ಇಲ್ಲಿ ಒಲಿ ಹಚ್ಚೂಹಂಗಿಲ್ಲ."

ಹಿಂದೆ ಹೆಂಗಸರಲ್ಲಿ ಗುಸುಗುಸು ಎದ್ದಿತು. ನಾನು 'ರಿ' ಹಚ್ಚಿ ಮಾತಾಡಿದ್ದಕ್ಕೆ ಇರಬೇಕು.

ಕೆಂಪವ್ವ ಇನ್ನೂ ಎರಡು ಹೆಜ್ಜೆ ಮುಂದೆ ಬಂದಳು. ಆಮೇಲೆ, "ನಮ್ಮ ನೀರ ನಡೀತೈತೇನು?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು.

"ನಡೀತೈತ್ರಿ."

"ನಿನ್ನ ಕೇಳಲಿಲ್ಲವಾ. ನಿನ್ನ ದನಿ ಕೇಳಿದ್ರ ಗೊತ್ತಾಗತೈತಿ, ನಿನಗ ನಡೀತೈತಿ. ನಿಂತಾವ್ರಿಗೆ ಕೇಳಿದೆ. ಆಮ್ಯಾಲ ಕೂಸಿಗೆ ಏನರ ಆದ್ರ ಕೆಂಪಿ ನೀರಿಂದ ಆತು ಅನ್ನಬಾರದು."

ಗಡ್ಡ ಕೆರೆಯುತ್ತಿದ್ದ ಲಗಮಪ್ಪನವರು ನಿಧಾನವಾಗಿ ಅಂಚಿಗೆ ಬಂದು ನನ್ನ ಪಕ್ಕ ನಿಂತರು. "ಅನ್ನೂದಿಲ್ಲ ಕೆಂಪವ್ವ" ಎಂದರು. "ನಾ ಅನ್ನಾಕ ಬಿಡೂದಿಲ್ಲ."

"ನಿನ್ನ ದನೀನ ಬೇಕಿತ್ತು ನನಗ" ಎಂದಳು ಅವಳು. "ಹಗ್ಗ ಬಿಡ್ರಿ. ಎಷ್ಟು ಕುದೀಬೇಕವಾ ನೀರು?"

"ಕೊತಕೊತ."

"ಕುದಸೂದ ಅಂದ್ರ ಕೊತಕೊತ. ಇದನ್ನ ಕೂಗಿ ಹೇಳಬೇಕೇನು?" ಎಂದು ನಕ್ಕಳು. ನನಗೂ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು.

ಹಗ್ಗ ಕೊರಕಲಿನಲ್ಲಿ ಕೂತು ಕೆಳಗಿಳಿಯಿತು. ಬೆಂಕಿಗೆ ಹೊಸ ಕಟ್ಟಿಗೆ ಬಿದ್ದದ್ದು, ಪಾತ್ರೆ ಬೂದಿ ಹಚ್ಚಿ ತಿಕ್ಕಿ ತೊಳೆದದ್ದು ಮೇಲಿನಿಂದ ಕಂಡಿತು. ಬೆಳಕಿಗೆ ಹಿಡಿದು ನೋಡಿ ಅವಳು ಮತ್ತೊಮ್ಮೆ ತೊಳೆದಳು. ನೀರು ಕುದಿಯುವ ತನಕ ನಾವೆಲ್ಲ ಗೆರೆಯ ಹಿಂದೆ ನಿಂತೇ ಇದ್ದೆವು. ಅತ್ತೆ ಕೂಸಿನ ಅಂಗಾಲು ಉಜ್ಜುತ್ತಿದ್ದರು. ಅದು ಈಗ ಅಳುತ್ತಿರಲಿಲ್ಲ, ಬಾಯಿ ತೆರೆದು ಮುಚ್ಚುತ್ತಿತ್ತು ಅಷ್ಟೆ. ಅಷ್ಟು ಹೊತ್ತೂ ಮೇಲೆ ಇಳಿಯುತ್ತಿದ್ದ ಕತ್ತಲು, ಕೆಳಗೆ ಆ ಒಂದು ಬೆಂಕಿ.

ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ, ಅರಿವೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಹುಲ್ಲು ಹಾಸಿ ಕಳಿಸಿದ್ದರು, ಅಲುಗಬಾರದೆಂದು. ಪರಸಪ್ಪ, ಕೇದಾರಿ ಇಬ್ಬರೂ ಸೇರಿ ಎಳೆದರು. "ಸಾವಕಾಶ, ಸಾವಕಾಶ" ಎಂದು ಕೆಳಗಿನಿಂದಲೂ ಮೇಲಿನಿಂದಲೂ ಒಟ್ಟಿಗೆ ಕೂಗು. ತಟ್ಟೆ ತೆಗೆದಾಗ ಉಗಿ ನನ್ನ ಮುಖಕ್ಕೆ ಹೊಡೆಯಿತು. ನಾನು ಹಾಲು ಕಲಸಿ, ಆರಿಸಿ, ಕೂಸಿಗೆ ಕುಡಿಸುವ ಒಳಲೆಗೆ ಹಾಕಿದೆ. ಮೊದಲ ಗುಟುಕು ತುಟಿಯಿಂದ ಹೊರಗೇ ಹರಿಯಿತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ಕೂಸು ಒಳಲೆಯನ್ನೇ ಒಸಡಿನಲ್ಲಿ ಕಚ್ಚಿ ಹಿಡಿಯಿತು.

"ಕುಡೀತೇನವಾ?" ಎಂದು ಕೆಳಗಿನಿಂದ ಕೂಗು ಬಂತು.

"ಕುಡ್ಯಾಕತ್ತೇತ್ರಿ."

"ಹೆಣ್ಣೋ ಗಂಡೋ?"

"ಹೆಣ್ಣು."

"ಹಂಗಾದ್ರ ಗಟ್ಟಿ" ಎಂದಳು ಕೆಂಪವ್ವ. "ನೀ ಏನ ಉಂಡಿ? ಒಲಿ ಇಲ್ಲದ ಊರಾಗ ನಿನಗ್ಯಾರ ಹಾಕ್ಯಾರ ಅನ್ನಾ? ಬಾಣಂತಿ ಅದೀ. ಹಗ್ಗ ಮತ್ತೊಮ್ಮೆ ಬಿಡಾಕ ಹೇಳು."

ನಾನು ಬೇಡವೆನ್ನಲಿಲ್ಲ. ಹಾಸಗಲ್ಲಿನವರೆಲ್ಲ ನಿನ್ನೆ ಮಾಡಿಟ್ಟ ತಂಗಳನ್ನು ಉಂಡು ಮುಗಿಸಿದ್ದರು. ನಮ್ಮ ಗೂಡಿನಲ್ಲಿ ಇದ್ದದ್ದೆಲ್ಲ ಹಸಿ ಹಿಟ್ಟು, ಹಸಿ ಬೇಳೆ. ಮಧ್ಯಾಹ್ನದಿಂದ ನನ್ನ ಹೊಟ್ಟೆಯಲ್ಲಿ ಏನೂ ಇಲ್ಲವೆಂಬುದು ಅವಳು ಕೇಳಿದ ಮೇಲೆ ನನಗೆ ನೆನಪಾಯಿತು.

ಕೂಸಿಗೆ ತೇಗು ಬಂತು. ಹೆಂಗಸರು ಅದರ ಮುಖ ನೋಡಿ, ದೃಷ್ಟಿ ತೆಗೆದು, ಒಬ್ಬೊಬ್ಬರಾಗಿ ಮನೆಯ ಕಡೆ ಹೋದರು. ಲಗಮಪ್ಪನವರು ಗುಡಿಯ ದೀಪಕ್ಕೆ ಎಣ್ಣೆ ಹಾಕಬೇಕೆಂದು ಹೊರಟರು. ಅಕ್ಕವ್ವ ಮಾತ್ರ ಬುಟ್ಟಿ ಇಳಿಸಿ, ಹಗ್ಗದ ತುದಿಯನ್ನು ಹುಣಸೆಗೆ ಸುತ್ತಿ ಕೂತಿದ್ದಳು. ಅತ್ತೆಯ ತೊಡೆಯ ಮೇಲೆ ಕೂಸಿಗೆ ನಿದ್ದೆ ಹತ್ತಿತ್ತು. ಅವರು ಅಲುಗುವಂತಿರಲಿಲ್ಲ. ನಾನು ಮೋಟಾರಿನ ಗಾಲಿಗೆ ಒರಗಿದ್ದೆ. ಜ್ವರ ಬಿಟ್ಟ ಮೈ, ಎದ್ದು ನಿಲ್ಲಲು ಕಾಲು ಒಪ್ಪಲಿಲ್ಲ.

ಹಗ್ಗ ಎರಡು ಸಲ ಅಲುಗಿತು. ಅಕ್ಕವ್ವ ಎಳೆಯತೊಡಗಿದಳು. ಅವಳ ಉಸಿರು ಸಾಲುತ್ತಿರಲಿಲ್ಲ. ಪರಸಪ್ಪ ಮನೆಗೆ ಹೋಗಿದ್ದ, ಕೇದಾರಿ ಎಲ್ಲೋ ನೀರು ತರಲು ಹೋಗಿದ್ದ.

ಮೋಟಾರಿನ ಆ ಬದಿಯಿಂದ ಮಾವನವರು ಬಂದರು. ಅಕ್ಕವ್ವನ ಕೈಯಿಂದ ಹಗ್ಗ ತೆಗೆದುಕೊಂಡರು. ಅಂಗಿಯ ತೋಳು ಮೇಲೆ ಮಾಡಿಕೊಂಡಿರಲಿಲ್ಲ, ಹಗ್ಗದ ಕಲ್ಲುಪುಡಿಯೆಲ್ಲ ಬಿಳಿ ಬಟ್ಟೆಗೆ ಮೆತ್ತಿತು. ಅವಸರವಿಲ್ಲದೆ, ಕಲ್ಲಿಗೆ ಬಡಿಯದಂತೆ ಎಳೆದರು. ಬುಟ್ಟಿಯಲ್ಲಿ ಅರಿವೆಯ ಗಂಟಿತ್ತು. ಬಿಚ್ಚಿದರು. ಒಂದರ ಮೇಲೊಂದು ಜೋಳದ ರೊಟ್ಟಿ, ಮೇಲೆ ಬಿಸಿ ಝುಣಕ, ಒಂದು ಉಳ್ಳಾಗಡ್ಡಿ. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು.

ಆಮೇಲೆ ನನ್ನ ಎದುರು ಬಂದು ಬಗ್ಗಿದರು. ಮುಖ ನೋಡಲಿಲ್ಲ. ಬಿಸಿ ತಾಗಬಾರದೆಂದು ಅರಿವೆಯನ್ನು ಕೆಳಗೆ ಮಡಚಿ, ಎರಡೂ ಕೈಯಿಂದ ಆ ಊಟವನ್ನು ನನ್ನ ಕೈಗೆ ಕೊಟ್ಟರು. ನಾನು ಗಟ್ಟಿಯಾಗಿ ಹಿಡಿದುಕೊಂಡೆನೆಂದು ಖಾತ್ರಿಯಾಗುವ ತನಕ ಕೈ ಬಿಡಲಿಲ್ಲ.